ಮೊದಲ ತಿಂಗಳು ಬರೀ ತೇಲುವುದು

ಕಪ್, ಪದಕ, ಪತ್ರಿಕೆಯ ಚಿತ್ರ ಇವುಗಳಿಂದಲೇ ಗುರುವಿನ ಎತ್ತರವನ್ನು ಅಳೆಯುವ ಈಜು ತರಬೇತಿಯ ಕ್ಷೇತ್ರದಲ್ಲಿ, ನಮ್ಮ ಸಾರ್ವಜನಿಕ ಈಜುಕೊಳದಿಂದ ಈಗ ನಿವೃತ್ತರಾಗಿರುವ ಮಾನ್ಯ ಮೇಡಂ ಅವರ ಸ್ಥಾನ ಯಾವುದೆಂದು ಹೇಳುವುದು ಬಹಳ ಕಷ್ಟ. ಆ ಕಷ್ಟವನ್ನು ತಂದಿಟ್ಟವರು ಸ್ವತಃ ಅವರೇ. "ಸಾಧನೆಯದೊಂದು ಫೋಟೊ ಕೊಡಿ" ಎಂದು ಈ ಅಭಿನಂದನಾ ಸಂಚಿಕೆಯ ಸಂಪಾದಕ ಮಂಡಳಿಯವರು ಕೇಳಿ ಕೇಳಿ ರೋಸಿಹೋದ ಮೇಲೆ ಅವರು ಕಳಿಸಿದ್ದು, ನೀರಿನ ಮೇಲೆ ಅಂಗಾತ ಬಿದ್ದ ಏಳೆಂಟು ಮಕ್ಕಳ ಹೊಟ್ಟೆಗಳಷ್ಟೇ ಕಾಣುವ ಒಂದು ಚಿತ್ರ. ಅದರಲ್ಲಿ ಮೇಡಂ ಇಲ್ಲವೇ ಇಲ್ಲ. ಇಂಥವರನ್ನು ಅಭಿನಂದಿಸುವುದಾದರೂ ಹೇಗೆ?

ಕೆಲಸಕ್ಕೆ ಸೇರಿದ ಹೊಸದರಲ್ಲೇ ಅವರು ಒಂದು ಪಟ್ಟು ಹಿಡಿದರು. ಮೊದಲ ತಿಂಗಳು ಯಾರೂ ಕೈಕಾಲು ಬಡಿಯುವಂತಿಲ್ಲ, ಬರೀ ತೇಲಬೇಕು. ತೇಲುತ್ತಲೇ, ಮನೆಯಲ್ಲಿ ಕೂತಷ್ಟು ಸಲೀಸಾಗಿ ಮಾತಾಡಬೇಕು. ಸೊಂಟಮಟ್ಟದ ನೀರಿನಲ್ಲಿ ನಿಂತು, ಮಗುವಿನ ಬೆನ್ನಡಿ ಅಂಗೈ ಇಟ್ಟು, ತಮ್ಮನ ಜಗಳ, ಕಳೆದುಹೋದ ಚಪ್ಪಲಿ ಎಂದೆಲ್ಲ ವಿಚಾರಿಸುತ್ತಾ ಹೋಗುವರು. ಆ ಕೈ ಯಾವಾಗ ಸರಿಯಿತೆಂಬುದು ಮಗುವಿಗೆ ತಿಳಿಯುತ್ತಲೇ ಇರಲಿಲ್ಲ. ನೀರು ಕಂಡರೆ ನಡುಗುತ್ತಿದ್ದ ದರ್ಜಿಯೊಬ್ಬರ ಜೊತೆ ಮೆಟ್ಟಿಲ ಮೇಲೆಯೇ ಕೂತು ವಾರಗಟ್ಟಲೆ ಪಾದ ನೆನೆಸಿಕೊಂಡದ್ದೂ ಉಂಟು. ದಂಡೆಯಲ್ಲಿ ಟವೆಲ್ ಹಿಡಿದು ಕೂತ ತಂದೆತಾಯಿಗಳು ಮುಖ ಸಿಂಡರಿಸುತ್ತಿದ್ದರು. ಪಕ್ಕದ ಬ್ಯಾಚಿನವರು ಆಗಲೇ ಆಚೆ ದಡ ಮುಟ್ಟಿ ಬರುತ್ತಿದ್ದರಲ್ಲ.

"ಮೇಡಂ, ಇದು ಈಜುಕೊಳಾನೋ ಹಾಸಿಗೆ ಅಂಗಡೀನೋ?" ಎಂದು ಮ್ಯಾನೇಜರ್ ಕೇಳಿದ್ದರು.

"ನೀರಲ್ಲಿ ಮಾತಾಡೋಕೆ ಬಂತು ಅಂದ್ರೆ ಹೆದರಿಕೆ ಹೋಯ್ತು ಅಂತ ಸರ್. ಮಿಕ್ಕಿದ್ದು ತಾನಾಗೇ ಬರುತ್ತೆ."

ಮುಖ್ಯ ತರಬೇತುದಾರರ ಹುದ್ದೆ ತೆರವಾದ ವರ್ಷ ಆಡಳಿತ ಮಂಡಳಿ ಒಂದು ಸುಲಭದ ದಾರಿ ಹುಡುಕಿತು: ಆ ಸಲದ ಸ್ಪರ್ಧೆಯಲ್ಲಿ ಯಾರ ಶಿಷ್ಯರು ಕಪ್ ಗೆಲ್ಲುವರೋ ಅವರಿಗೇ ಹುದ್ದೆ. ಮೇಡಂ ಅವರಿಗೆ ಆ ಹುದ್ದೆ ಬೇಕಾಗಿತ್ತು, ಸಂನ್ಯಾಸಿಯೇನಲ್ಲ ಅವರು. ಅದು ಸಿಕ್ಕಿದ್ದರೆ ಕೊಳದ ಎಲ್ಲ ಬ್ಯಾಚುಗಳಿಗೂ ತೇಲುವ ಮೊದಲ ತಿಂಗಳನ್ನು ಕಡ್ಡಾಯ ಮಾಡಬಹುದಿತ್ತು. ಗೆಲ್ಲುವ ಹುಡುಗಿಯೂ ಅವರ ಬಳಿಯೇ ಇದ್ದಳು. ಅವಳ ಸಮೀಪಕ್ಕೆ ಬರುವವರು ಯಾರೂ ಇರಲಿಲ್ಲ. ಸ್ಪರ್ಧೆಯ ಬೆಳಿಗ್ಗೆ ಮೇಡಂ ಎಂದಿನಂತೆ ಅವಳನ್ನು ತೇಲಿಸಿ ಮಾತಿಗೆಳೆದರು. ಹುಡುಗಿ ಹಲ್ಲು ಕಚ್ಚಿ ಛಾವಣಿ ನೋಡುತ್ತಿದ್ದಳು; ಒಂದು ಮಾತೂ ಹೊರಡಲಿಲ್ಲ.

"ಇವತ್ತು ಇವಳು ಈಜೋದು ಬೇಡ" ಎಂದರು ಮೇಡಂ.

"ಒಂದು ನಿಮಿಷದ ಕೆಲಸ ಮೇಡಂ, ಗೆದ್ದುಬಿಡ್ತಾಳೆ" ಎಂದು ಹುಡುಗಿಯ ಅಪ್ಪ ಅಂಗಲಾಚಿದರು.

"ಗೆಲ್ತಾಳೆ, ಗೊತ್ತು. ನಾಳೆ ನೀರಿಗೆ ಇಳೀತಾಳಾ?"

ನಾವೆಲ್ಲ ತಲೆ ಚಚ್ಚಿಕೊಂಡೆವು. ಕಪ್ ಪಕ್ಕದ ಬ್ಯಾಚಿನ ಗುರುಗಳ ಪಾಲಾಯಿತು. ಗೆದ್ದವನು ಅವರ ಸ್ವಂತ ಮಗನೇ. ಹುದ್ದೆಗೇರಿದ ಅವರು ತೇಲುವ ತಿಂಗಳನ್ನು ಒಂದು ವಾರಕ್ಕೆ ಇಳಿಸಿದರು. ಅಂದು ಮೇಡಂ ಬಟ್ಟೆ ಬದಲಿಸುವ ಕೋಣೆಯಲ್ಲಿ ಒದ್ದೆ ಟವೆಲುಗಳ ನಡುವೆ ಕೂತು ಅತ್ತರು. ಮನೆಯಲ್ಲಿ ಅವರ ಯಜಮಾನರು, "ಒಂದಿನ ಕಣ್ಣು ಮುಚ್ಕೊಂಡಿದ್ರೆ ಏನಾಗ್ತಿತ್ತು?" ಎಂದು ಕೇಳಿಯೇಬಿಟ್ಟರು. ಮುಂದೆ ಆ ಹುಡುಗಿಯಾದರೂ ದೊಡ್ಡ ಹೆಸರು ಮಾಡಿ ನಮ್ಮ ಬಾಯಿ ಮುಚ್ಚಿಸಿದಳೇ ಎಂದರೆ, ಅದೂ ಇಲ್ಲ. ಈಗ ಯಾವುದೋ ಕಚೇರಿಯಲ್ಲಿದ್ದಾಳೆ. ಭಾನುವಾರ ಬಂದು, ಹಾಯಾಗಿ ಈಜಿ, ತಲೆ ಒರೆಸಿಕೊಂಡು ಮನೆಗೆ ಹೋಗುತ್ತಾಳೆ. ಲೇಖನ ಬರೆಯುವವರಿಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ!

ಕಳೆದ ತಿಂಗಳ ಬೀಳ್ಕೊಡುಗೆ ಸಭೆಯಲ್ಲಿ ಮ್ಯಾನೇಜರ್, ಕೊಳದ ಗೋಡೆಗೆ ಮೇಡಂ ಹೆಸರಿನ ಫಲಕ ಹಾಕಿಸುವುದಾಗಿ ಘೋಷಿಸಿದರು. ಸುಮ್ಮನೆ ಕೈಮುಗಿದು ಕೂರಬಾರದೇ ಈ ಮಹಾತಾಯಿ?

"ಫಲಕ ಬೇಡ ಸರ್. ನನ್ನ ಆ ಒಂದು ತಿಂಗಳು ವಾಪಸ್ ಕೊಡಿ."

ಆಗ ಎದ್ದು ನಿಂತವರು ಅದೇ ಮುಖ್ಯ ತರಬೇತುದಾರರು.

"ಕೊಡೋಣ. ನನ್ನ ಮೊಮ್ಮಗಳನ್ನೇ ಮೊದಲು ಸೇರಿಸ್ತೀನಿ, ಮೇಡಂ ಬಂದು ಕಲಿಸೋದಾದ್ರೆ. ನನ್ನ ಮಗ ಕಪ್ ಗೆದ್ದ ದಿನದಿಂದ ನೀರಿಗೆ ಇಳಿದಿಲ್ಲ. ಕಪ್ ಈಗಲೂ ಶೋಕೇಸಲ್ಲಿದೆ. ಮಗಳ ಜೊತೆ ಕೊಳಕ್ಕೆ ಬಾ ಅಂದ್ರೆ ಬಾಗಿಲಾಚೆನೇ ನಿಂತ್ಕೊಳ್ತಾನೆ."

ಹೀಗಾಗಿ, ಕಾಗದದ ಮೇಲೆ ನಿವೃತ್ತರಾದ ಮೇಡಂ ಮರುವಾರವೇ ಸೊಂಟಮಟ್ಟದ ನೀರಿಗೆ ಇಳಿದರು. ಬಿಳಿ ಹಾಳೆಯ ಮೇಲೆ ಅವರ ಸಾಧನೆಯನ್ನು ಇಷ್ಟು ಕಷ್ಟಪಟ್ಟು ಹುಡುಕುತ್ತಿರುವ ನಮ್ಮ ಮೇಲೆ ಅವರಿಗೆ ಎಳ್ಳಷ್ಟೂ ಕರುಣೆಯಿಲ್ಲ. ಮೊಮ್ಮಗಳು ಎರಡನೆಯ ವಾರಕ್ಕೇ ತೇಲುತ್ತಾ ವಟವಟ ಶುರುಮಾಡಿದ್ದಾಳೆ. ಅವಳಪ್ಪ ಬಾಗಿಲು ದಾಟಿ, ಪ್ಯಾಂಟು ಮಡಚಿ, ಮೆಟ್ಟಿಲವರೆಗೆ ಬಂದಿದ್ದಾನೆ; ಸದ್ಯಕ್ಕೆ ನೀರು ಮೊಣಕಾಲಿನವರೆಗೆ. ಅವನು ಇಳಿದು, ಅಂಗಾತ ಮಲಗಿ, ಮನಸ್ಸು ಬಂದು ಬಾಯಿ ಬಿಡುವ ತನಕ ಅಲ್ಲೇ ನಿಂತಿರುವಷ್ಟು ಆಯುಸ್ಸು, ಕಾಲಲ್ಲಿ ಕಸುವು ಮೇಡಂ ಅವರಿಗಿರಲಿ. ಎಷ್ಟು ವರ್ಷ ಹಿಡಿದರೂ ಸರಿ, ಅವರಂತೂ ಅವಸರ ಮಾಡುವವರಲ್ಲ.