ಬಚ್ಚಲಲ್ಲಿ ಸಿಕ್ಕಿಕೊಂಡ ಚಿಕ್ಕಪ್ಪ

ನಮ್ಮ ಓಣಿಯ ಬೀಗ ರಿಪೇರಿಯವಳು ಎಂಥ ಬಾಗಿಲನ್ನಾದರೂ ತೆಗೆಯುತ್ತಾಳೆ. ಆದರೆ ಮೊದಲೆಲ್ಲ ತಾನು ಒಳಗಿದ್ದಾಗ ಮಾತ್ರ ಯಾವ ಬಾಗಿಲಿಗೂ ಚಿಲಕ ಹಾಕಿಕೊಳ್ಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವಳ ಚಿಕ್ಕಪ್ಪನೆಂಬ ಪುಣ್ಯಾತ್ಮ ಸಣ್ಣಪುಟ್ಟದ್ದಕ್ಕೆಲ್ಲ ಅವಳನ್ನು ಕತ್ತಲೆಯ ಉಗ್ರಾಣದಲ್ಲಿ ಕೂಡಿಹಾಕುತ್ತಿದ್ದ. ಕಿರುಚಿದರೆ ಹೊರಗೆ ನಿಂತು ನಗುತ್ತಿದ್ದ.

ಹೋದ ವರ್ಷ ಅವಳು ಕೌನ್ಸೆಲರ್ ಹತ್ತಿರ ಹೋಗತೊಡಗಿದಳು. ಅವರು ಎದುರಿಗೊಂದು ಖಾಲಿ ಕುರ್ಚಿ ಇಟ್ಟು, "ನಿಮ್ಮ ಚಿಕ್ಕಪ್ಪ ಇಲ್ಲಿ ಕೂತಿದ್ದಾರೆ ಅಂದ್ಕೊಳ್ಳಿ. ಹೊಟ್ಟೇಲಿರೋದೆಲ್ಲ ಹೇಳಿಬಿಡಿ" ಎಂದರು. ಮೊದಮೊದಲು ಇವಳು ಆ ಕುರ್ಚಿಯನ್ನು ಒದ್ದು ಬರುತ್ತಿದ್ದಳು. ಬರಬರುತ್ತಾ ಅಳದೆ, ನಡುಗದೆ ಮಾತಾಡುವುದನ್ನು ಕಲಿತಳು.

ಮೊನ್ನೆ ಚಿಕ್ಕಮ್ಮನ ಫೋನ್ ಬಂತು. "ನಿಮ್ಮ ಚಿಕ್ಕಪ್ಪ ಬಚ್ಚಲಲ್ಲಿ ಸಿಕ್ಕಾಕ್ಕೊಂಡಿದ್ದಾರೆ ಕಣೇ. ಬೀಗ ಕಚ್ಚಿಕೊಂಡಿದೆ, ಕರೆಂಟೂ ಇಲ್ಲ. ಬೇಗ ಬಾ."

ಹೋದಳು. ಸಲಕರಣೆಯ ಚೀಲವನ್ನು ಪಕ್ಕಕ್ಕಿಟ್ಟು, ಬಚ್ಚಲ ಬಾಗಿಲ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

"ಬಾಗಿಲು ತೆಗೆಯೋದು ಎರಡು ನಿಮಿಷದ ಕೆಲಸ, ಚಿಕ್ಕಪ್ಪ. ಮೊದಲು ನನ್ನ ಮಾತು ಮುಗೀಲಿ."

ಅವನು ಬಾಗಿಲು ಬಡಿದ, ಬೈದ, ಕೊನೆಗೆ ಗೋಗರೆದ. ಖಾಲಿ ಕುರ್ಚಿಗೆ ಹೇಳಿದ್ದನ್ನೆಲ್ಲ ಇವಳು ಒಂದೂ ಬಿಡದೆ ಹೇಳಿದಳು. ದನಿ ಎಲ್ಲೂ ನಡುಗಲಿಲ್ಲ.

ಒಳಗಿನಿಂದ "ತಪ್ಪಾಯ್ತು ಕಣಮ್ಮ" ಎಂಬ ದನಿ ಕೇಳಿದ ಮೇಲೆಯೇ ಚೀಲ ಬಿಚ್ಚಿದಳು.

ಬೆವರಿನಲ್ಲಿ ತೊಯ್ದು ಹೊರಬಂದ ಚಿಕ್ಕಪ್ಪ, "ಇನ್ನು ಈ ಜನ್ಮದಲ್ಲಿ ಚಿಲಕ ಹಾಕಲ್ಲ" ಎಂದು ಏದುಸಿರು ಬಿಟ್ಟ.

"ಹೌದು, ಹಾಗೇ ಆಗತ್ತೆ," ಎಂದು ಅವಳು ಚೀಲ ಹೆಗಲಿಗೇರಿಸಿದಳು. "ಹೋದ ವರ್ಷದವರೆಗೆ ನಾನೂ ಹಾಕ್ತಿರಲಿಲ್ಲ. ಕೌನ್ಸೆಲರ್ ನಂಬರ್ ಕೊಡ್ಲಾ?"