ಗಾಳಿ ಹಿಡಿಯುವ ಯಂತ್ರದ ಮುಂದೆ ಹೋಮ

ಸ್ನೇಹಿತರೇ, ಯಳಂದೂರಿನ ಹತ್ತಿರ ನಮ್ಮೂರ ಗೋಮಾಳದ ಅತ್ತಿಮರಗಳನ್ನು ಹೋದ ವಾರ ಕಡಿದರು. ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿದು ಬ್ಯಾಟರಿಗೆ ಬೇಕಾದ ಇಂಗಾಲದ ಪುಡಿ ಮಾಡುವ ಯಂತ್ರಕ್ಕೆ ಜಾಗ ಬೇಕಿತ್ತಂತೆ.

ಇಂದು ಉದ್ಘಾಟನೆ. ಯಂತ್ರದ ಬಾಯಿಗೆ ಎದುರಾಗಿಯೇ ಹೋಮ ಹೂಡಿದರು. ಹೊಗೆ ಎದ್ದಂತೆ, ಹಿಡಿದ ಇಂಗಾಲವನ್ನು ತೋರಿಸುವ ಮೀಟರಿನ ಅಂಕಿಯೂ ಏರಿತು. "ನೋಡಿ, ಎಷ್ಟು ಹಿಡೀತಿದೆ" ಎಂದರು ಎಂಜಿನಿಯರ್. ಗಣ್ಯರು ಚಪ್ಪಾಳೆ ತಟ್ಟಿದರು.

ದಿನವೂ ಆ ಮರಗಳ ನೆರಳಲ್ಲಿ ಆಡು ಕಟ್ಟುತ್ತಿದ್ದ ಸಿದ್ದಮ್ಮ ಕೇಳಿದರು: "ಸಾ, ಉರೀತಿರೋದು ನಮ್ ಅತ್ತಿ ಸೌದೆ ಕಣ್ರಿ. ಮರ ಇಡ್ಕಂಡಿದ್ದನ್ನ ಬುಡುಸ್ಬುಟ್ಟು ನೀವ್ ಇಡೀತಿದ್ದೀರಾ?"

"ಇದು ಸೈನ್ಸ್ ಅಮ್ಮ, ನಿಮಗೆ ಗೊತ್ತಾಗಲ್ಲ" ಎಂದರು ಎಂಜಿನಿಯರ್.

ಇದೇ ಗೋಮಾಳದಲ್ಲಿ ಜಟ್ರೋಫಾ ನೆಟ್ಟು ಡೀಸೆಲ್ ತೆಗೆಯುತ್ತೇವೆಂದು ಹೇಳಿ ಹೋದವರನ್ನೂ ನಾನು ಮರೆತಿಲ್ಲ. ಆ ಅಂಕಿಯಲ್ಲಿ ಗಾಳಿಯ ಪಾಲೆಷ್ಟು, ಹೋಮದ ಪಾಲೆಷ್ಟು? ಸಿದ್ದಮ್ಮ ಇನ್ನು ಆಡುಗಳನ್ನು ಎಲ್ಲಿ ಕಟ್ಟಬೇಕು? ಯಂತ್ರ ತಂದವರೇ, ಗ್ರಾಮಸಭೆಗೆ ಬಂದು, ಅವರ ಎದುರಿಗೇ ನಿಂತು ಉತ್ತರ ಹೇಳಿ.