ಕೋಣ ಗುದ್ದಿದ ಪಿಕಪ್

ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮ ಸಾಹುಕಾರರು ಕೊಂಡ ಪಿಕಪ್‌ಗೆ ನಾನೇ ಡ್ರೈವರ್. ಅದರ ಬಣ್ಣದ ಹೊಳಪು ಇನ್ನೂ ಮಾಸಿರಲಿಲ್ಲ. ಒಂದು ಬೆಳಿಗ್ಗೆ ಹಾಲಾಡಿಯಿಂದ ಒಬ್ಬ ಮದುಮಗನನ್ನೂ ಅವನ ಸೋದರತ್ತೆಯನ್ನೂ ಕೂರಿಸಿಕೊಂಡು ಬೀಜಾಡಿಯ ಮದುವೆಮನೆಗೆ ಹೊರಟಿದ್ದೆ. ಕೋಟೇಶ್ವರದ ಹತ್ತಿರ ಉಳುವ ಕೋಣಗಳ ಜೋಡಿಯೊಂದು ರಸ್ತೆಗೆ ಅಡ್ಡ ಬಂತು. ಹಾರನ್ ಹೊಡೆದೆ. ಒಂದು ಕೋಣ ತಿರುಗಿ ಬಂದು ರೇಡಿಯೇಟರಿಗೇ ಗುದ್ದಿತು.

ಕೋಣಗಳ ಯಜಮಾನ ಓಡಿ ಬಂದು ನನ್ನನ್ನೇ ಬೈದ. "ಹ್ವಾಯ್, ಹಾರನ್ ಎಂತಕ್ ಹೊಡ್ದದ್ದ್? ಜಗಳಕ್ಕ್ ಕರ್ದದ್ದ್ ಅಂದೇಳಿ ಕೋಣ ತಿಳ್ಕಂಡಿತ್!"

ರೇಡಿಯೇಟರ್ ತೂತಾಗಿ ನೀರು ಸುರಿಯುತ್ತಿತ್ತು. ತೂತಿಗೆ ಸಾಬೂನು ಮೆತ್ತಿದೆ, ನಿಲ್ಲಲಿಲ್ಲ. ಮುಹೂರ್ತ ಹತ್ತಿರವಾಗುತ್ತಿತ್ತು. ಕೊನೆಗೆ ಅದೇ ಕೋಣಗಳಿಂದ ಪಿಕಪ್ ಎಳೆಸುವುದೆಂದಾಯಿತು. ಸೋದರತ್ತೆ ಕೂಗಿಕೊಂಡರು: "ಯಮನ್ ಕೋಣ ಕಟ್ಕಂಡ್ ಮದಿಗ್ ಹೋಪುದಾ?"

ಅದಕ್ಕೂ ಯಜಮಾನನೇ ದಾರಿ ಹೇಳಿದ. "ಮದ್ಮಗ ಹಿಂದ್ ತಿರ್ಗಿ ಕೂರ್ಲಿ. ಕಾಣ್ದಿದ್ರೆ ದೋಷ ಇಲ್ಲ."

ಹಾಗೆ ನಮ್ಮ ಮದುಮಗ ಬೀಜಾಡಿಗೆ ಬೆನ್ನು ಹಾಕಿಕೊಂಡೇ ಬೀಜಾಡಿ ತಲುಪಿದ. ಹುಡುಗಿಯ ಅಪ್ಪ ಆ ಬೆನ್ನು ನೋಡಿ ಗಾಬರಿಯಾಗಿ ನನ್ನ ಕಿವಿಯಲ್ಲಿ ಕೇಳಿದರು: "ಮಾಣಿಗ್ ಈ ಮದಿಗ್ ಮನ್ಸ್ ಇಲ್ಯಾ?"

ರೇಡಿಯೇಟರಿಗೆ ಮರುದಿನ ಕುಂದಾಪುರದಲ್ಲಿ ಬೆಸುಗೆ ಹಾಕಿಸಿದೆ. ಆದರೆ ಆ ಮಾವ ಮಾತ್ರ ತಾಳಿ ಕಟ್ಟಿ ಮುಗಿಯುವವರೆಗೂ ಅಳಿಯನ ಶಲ್ಯದ ತುದಿ ಬಿಟ್ಟಿರಲಿಲ್ಲ.